ಅರ್ಧ ಹೆಜ್ಜೆ

ನಮ್ಮ ಒಕ್ಕದಲ್ಲಿ ಎಲ್ಲರೂ ಕೋಲು ಹಿಡಿದವರು.
ಅಪ್ಪ ಸೆಂಟರ್ ಹಾಫ್, ದೊಡ್ಡಪ್ಪ ಗೋಲಿ,
ಅತ್ತೆ ಕೂಡ ಮದುವೆಗೆ ಮುಂಚೆ ರೈಟ್ ಇನ್.
ನಾನೊಬ್ಬ ಕಾಲಿಗೆ ಬಿದ್ದೆ.
"ಎರಡು ಕೈ ಕೊಟ್ಟರೂ ಒದೆಯುತ್ತಾನಲ್ಲ"
ಎಂದು ಪ್ರತಿ ಪುತ್ತರಿಗೂ ನಕ್ಕರು,
ನಾನು ಹದಿನೇಳಕ್ಕೆ ಕೋಲ್ಕತ್ತಾದ ರೈಲು ಹತ್ತುವ ತನಕ.

ಹದಿನೆಂಟು ವರ್ಷ ಎಡಬದಿಯ ಗೆರೆ ಕಾದೆ.
ನಾಲ್ಕು ಕ್ಲಬ್ಬು, ಆರು ಕೋಚು,
ಮೂರು ಭಾಷೆಯ ಬೈಗುಳ.
ಎರಡು ಹೆಗಲ ನಡುವೆ, ಒಳಅಂಗಿಯ ಜೇಬಿನಲ್ಲಿ,
ಬೆಂಕಿಪೊಟ್ಟಣದಷ್ಟು ಯಂತ್ರವೊಂದು
ನಾನು ಓಡಿದ್ದನ್ನೆಲ್ಲ ಆಕಾಶಕ್ಕೆ ಚಾಡಿ ಹೇಳುತ್ತಿತ್ತು.

ಇಪ್ಪತ್ನಾಲ್ಕರಲ್ಲಿ ಗಂಟೆಗೆ ಮೂವತ್ಮೂರು ಕಿಲೋಮೀಟರು.
ಮೂವತ್ತರಲ್ಲಿ ಮೂವತ್ತೊಂದು.
ಆಮೇಲೆ ಫಿಸಿಯೊ ಲೆನಿ, ಹಾಳೆಯನ್ನು
ನನಗೆ ತೋರಿಸುವ ಮೊದಲೇ ಮಡಚತೊಡಗಿದ.
"ದೂರ ಕಡಿಮೆಯಾಗಿಲ್ಲ" ಎಂದ ಒಮ್ಮೆ,
ರೋಗಿಯ ಮನೆಯವರ ಜೊತೆ ಮಾತಾಡುವ ದನಿಯಲ್ಲಿ.

ನಿಜ, ಒಂದು ಆಟಕ್ಕೆ ಹತ್ತು ಕಿಲೋಮೀಟರು
ಈಗಲೂ ಓಡುತ್ತೇನೆ. ಹೋದದ್ದು ದೂರವಲ್ಲ,
ನಿಂತಲ್ಲಿಂದ ಹೊರಡುವ ಮೊದಲ ಸಿಡಿತ.
ಕೋವಿಯ ಕುದುರೆ ಎಳೆದದ್ದಕ್ಕೂ
ಗುಂಡು ಹಾರಿದ್ದಕ್ಕೂ ನಡುವೆ
ಒಂದು ಸಂದು ಬಿದ್ದಿದೆ.
ಹಕ್ಕಿಗೆ ಅಷ್ಟು ಸಾಕು.

ಮತ್ತೆ ಈ ನೋವು.
ಭಾನುವಾರ ಆಡಿದ್ದು ಮೊದಲೆಲ್ಲ
ಸೋಮವಾರ ಸಂಜೆಗೇ ಮೈಬಿಟ್ಟು ಹೋಗುತ್ತಿತ್ತು.
ಈಗದು ಗುರುವಾರದವರೆಗೆ ಉಳಿಯುವ ನೆಂಟ,
ತೊಡೆಯ ಹಿಂಬದಿಯಲ್ಲಿ ಚಾಪೆ ಹಾಸಿ
ಊಟಕ್ಕೇನು ಎಂದು ಕೇಳುತ್ತದೆ.

ಕರಾರು ಮುಗಿಯಿತು.
ಕೊನೆಯ ತಿಂಗಳು ಕೋಚು ನನ್ನನ್ನು ಬೈಯಲೇ ಇಲ್ಲ.
ಆಗಲೇ ತಿಳಿದದ್ದು.

ಈ ಮಾರ್ಚಿನಲ್ಲಿ ತೋಟದ ಹಳೇ ರೋಬಸ್ಟಾವನ್ನು
ಮಂಡಿಯೆತ್ತರಕ್ಕೆ ಕೊಯ್ಸಿದರು ರೈಟರ್ ಕರುಂಬಯ್ಯ.
"ಐವತ್ತು ವರ್ಷದ ಗಿಡ. ನೋಡ್ತಾ ಇರಿ,
ಮಳೆ ಬಿದ್ದ ಮೇಲೆ ಬುಡದಿಂದ ಚಿಗುರು ಬರ್ತದೆ."
ನನ್ನ ಮಂಡಿಯನ್ನೂ ಎರಡು ಸಲ ಕೊಯ್ದಿದ್ದಾರೆ.
ಮಳೆಯೂ ಬಿದ್ದಿದೆ.

ಮೇ ತಿಂಗಳು, ಸುಂಟಿಕೊಪ್ಪದ ಶಾಲೆ ಮೈದಾನ.
ಏಳು ಜನರ ಪಂದ್ಯ, ಕೆಂಪು ಧೂಳು,
ಮೈಕಿನಲ್ಲಿ ಅರ್ಧ ಕನ್ನಡ ಅರ್ಧ ಮಲಯಾಳ:
"ದೊಡ್ಡ ಕ್ಲಬ್ಬುಗಳಲ್ಲಿ ಆಡಿ ಬಂದ ನಮ್ಮ ಹಿರಿಯರು."
ಹಿರಿಯರು! ನನಗೆ ಮೂವತ್ತಾರು.
ಎದುರಿಗೆ ನೆಲ್ಯಹುದಿಕೇರಿಯ ರಿಷಾದ್, ಹತ್ತೊಂಬತ್ತು,
ಬಾಯಿ ಬಿಟ್ಟ ಬೂಟಿಗೆ ಕಪ್ಪು ಟೇಪು ಸುತ್ತಿದವನು.

ಮೊದಲ ಸಲ ಬಂದ.
ನಾನು ತಿರುಗುವಷ್ಟರಲ್ಲಿ
ಅವನ ಬೆವರಿನ ವಾಸನೆ ಮಾತ್ರ ಅಲ್ಲಿತ್ತು.

ಎರಡನೇ ಸಲ ನಾನು ಓಡಲಿಲ್ಲ.
ಒಳಗೆ ಕತ್ತರಿಸುವ ಮುನ್ನ ಅವನ ಬಲಭುಜ
ಕೂದಲೆಳೆಯಷ್ಟು ಇಳಿಯುತ್ತದೆ.
ಇಳಿಯಿತು.
ಅರ್ಧ ಹೆಜ್ಜೆ ಸರಿದು ನಿಂತೆ,
ಮಡಿಕೇರಿ ಬಸ್ಸಿಗೆ ಕಾಯುವವನ ಹಾಗೆ.
ಚೆಂಡು ತಾನಾಗಿ ಬಂದು ಕಾಲಿಗೆ ಬಿತ್ತು.

ಮೂರನೇ ಸಲವೂ ಹಾಗೇ, ನಾಲ್ಕನೆಯದೂ.
ಐದನೇ ಸಲ ಅವನು ಭುಜ ಗಿಜ ಏನೂ ಇಲ್ಲದೆ
ಸುಮ್ಮನೆ ಗೆರೆಯ ಗುಂಟ ಓಡಿದ.
ನಾನೂ ಓಡಿದೆ. ಗೋಲಾಯಿತು.
ಅದಕ್ಕೆ ಉಪಾಯ ಯಾವುದೂ ಇಲ್ಲ.

ಎರಡು-ಒಂದಕ್ಕೆ ಹೇಗೋ ನಾವೇ ಗೆದ್ದೆವು.
ಸಂಜೆ ರಸ್ತೆಗಿಳಿಯುವ ಮೆಟ್ಟಿಲನ್ನು
ಕಂಬಿ ಹಿಡಿದು, ಬೆನ್ನು ಮುಂದಾಗಿ ಇಳಿಯುತ್ತಿದ್ದೆ
(ಹಾಗೆ ಇಳಿದರೆ ಮಂಡಿ ತಕರಾರು ಮಾಡುವುದಿಲ್ಲ).
ಮೇಲಿನ ಮೆಟ್ಟಿಲಲ್ಲಿ ಹುಡುಗ ಬಂದು ನಿಂತ,
ಬೂಟು ಕೈಯಲ್ಲಿ, ಬರಿಗಾಲು.
"ಅಣ್ಣಾ, ನಾನು ಒಳಗೇ ಬರ್ತೇನೆ ಅಂತ
ನಿಮಗೆ ಹೇಗೆ ಗೊತ್ತಾಗ್ತದೆ?"

ಹೇಳಬಹುದಿತ್ತು.
ಅವನ ವಯಸ್ಸಿನಲ್ಲಿ ನನಗೆ ಯಾರಾದರೂ ಹೇಳಿದ್ದರೆ
ಎಂದೂ ಅನ್ನಿಸಿತು.
ಆದರೆ ಅವರು ಇನ್ನೊಂದು ಗೆದ್ದರೆ
ಭಾನುವಾರ ಫೈನಲ್ಲಿಗೆ ಮತ್ತೆ ಅವನೇ.

"ಗಾಳಿ ನೋಡ್ತೇನೆ" ಎಂದೆ.

ಅವನು ಕಾರ್ನರಿನ ಬಾವುಟವನ್ನೇ
ಕಣ್ಣು ಕಿರಿದು ಮಾಡಿ ನೋಡುತ್ತ ನಿಂತ.
ನನಗೆ ಇನ್ನೂ ಏಳು ಮೆಟ್ಟಿಲಿತ್ತು.